ಎಡಗಾಲಿನದು

ಸೀಗಿ ಹುಣ್ಣಿಮಿಯಾಗಿ ನಾಲ್ಕನೇ ಮುಂಜಾನೆ
ಮುಧೋಳದ ಹಳೇ ಸೇತುವೆ ಬುಡದಲ್ಲಿ
ಘಟಪ್ರಭೆಯ ಕೆಂಪು ಇಳಿದು ಕಲ್ಲು ಕಾಣುತ್ತಿತ್ತು.
ದಸ್ತಗೀರ ಎರೆಹುಳದ ಡಬ್ಬಿ ತಂದಿದ್ದ,
ನಾನು ಯೂರಿಯಾದ ಮೂರು ಖಾಲಿ ಚೀಲ.

ಮೊದಲ ಎಳೆತಕ್ಕೆ ಚಪ್ಪಲಿ ಬಂತು, ಎಡಗಾಲಿನದು.
"ಬಲಗಾಲಿಂದು ಬರೂತನಾ ಏಳೂದಿಲ್ಲ," ಅಂದ.
ಬಂದದ್ದು ಗುಟ್ಕಾ ಚೀಟಿ, ಗಣಪ್ಪನ ತಂತಿಪಂಜರ,
ಆಮೇಲೆ
ಹಸಿರು ಇಳಕಲ್ ಸೀರೆಯ ಗಂಟು, ಒಳಗೆ ಭಾರ.

ಬಿಚ್ಚುವಾಗ ಇಬ್ಬರಿಗೂ ಮಾತು ನಿಂತಿತ್ತು.
ಬೀಸುಕಲ್ಲಿನ ಚೂರೊಂದು. ಮದುವೆಯ ಆಲ್ಬಮ್ಮು.
ನೀರು ಮುಖಗಳನ್ನಷ್ಟೇ ತಿಂದಿತ್ತು;
ಬಾಸಿಂಗ, ಕೈಬಳೆ, ಊಟದ ಪಂಕ್ತಿ ಹಾಗೇ ಇದ್ದವು.

ಚೀಲಕ್ಕೋ, ಮತ್ತೆ ಹೊಳೆಗೋ?
"ಮುಳುಗಿಸಿದಾಕಿ ಹೊಳೀನ್ನ ನಂಬ್ಯಾಳ," ಅಂದೆ.
ಅವ ಬೀಡಿ ಹಚ್ಚಿದ, ಆರಿತು, ಮತ್ತೆ ಹಚ್ಚಿದ.
"ಹೊಳಿ ಏನ ಮಾಡೀತು, ಅದಕ್ಕ ನುಂಗಾಕ ಆಗಿಲ್ಲ."
ಸೀರೆ ಹಿಂಡಿ ಬಂಡೆಗೆ ಹಾಸಿದ.
ಪುಟ ಒಂದೊಂದೇ ಬಿಡಿಸಿ ಚೀಲದೊಳಗಿಟ್ಟ,
ಮಲಗಿದ ಕೂಸು ಎದ್ದೀತೆಂಬಂತೆ.

ಇಳಿಹೊತ್ತಿಗೆ ಗಾಳಕ್ಕೆ ಗೇಣುದ್ದದ ಕೊರವ.
"ದೊಡ್ಡಾಂವಾಗಿ ಬಾ," ಕೊಕ್ಕೆ ಬಿಡಿಸಿ ಬಿಟ್ಟ.
ಕೈ ಬರಿದು, ಚೀಲ ಮೂರೂ ತುಂಬಿ
ಹೊರಟೆವು. ಅವನ ಬೈಕಿನ ಹ್ಯಾಂಡಲಿಗೆ
ಎಡಗಾಲಿನ ಚಪ್ಪಲಿ ಇನ್ನೂ ತೂಗುತ್ತಿತ್ತು.