ಗ್ರಿಮ್ಸ್‌ಬಿಯ ಲಾಂಡ್ರಿಯಲ್ಲಿ, ಗುರುವಾರ

ಗೋಡೆಯ ಟೀವಿಗೆ ದನಿಯಿಲ್ಲ.
ಕಪ್ಪು ಬಾಗಿಲೆದುರು ಪ್ರಧಾನಿಯ ತುಟಿ ಅಲ್ಲಾಡುತ್ತಿದೆ;
ರಾಜೀನಾಮೆಯೇ ಇರಬೇಕು.

"ಹೋದನಾ?" ಎಂದಳು ಗ್ಲೆನಿಸ್
ಕಾಲುಚೀಲಕ್ಕೆ ಜೋಡಿ ಹುಡುಕುತ್ತ.
ಮೀನುಕಟ್ಟೆಯ ನೆವಿಲ್ ಚಪ್ಪಾಳೆ ತಟ್ಟಿದ, ಒಂದೇ ಸಲ,
ಆಮೇಲೆ ಯಾಕೋ ಕೈ ನೋಡಿಕೊಂಡ.

ಮುಂದಿನವರ ಮುಖಗಳು ಬಂದವು ಸಾಲಾಗಿ
ಗಂಡಿನ ಕಡೆಯವರೆದುರು ಕೂತ ಹಾಗೆ, ಕಣ್ಣು ತಗ್ಗಿಸಿ.
"ಆ ಹೆಂಗಸು ವಾಸಿ."
"ಅವಳಾ? ಜನ್ಮದಲ್ಲಿ ಬಸ್ಸು ಹತ್ತಿಲ್ಲ."
"ಬೋಳುತಲೆಯವನು?"
"ಥೇಟ್ ನಮ್ಮಣ್ಣ. ಕೊಟ್ಟ ಸಾಲ ವಾಪಸು ಬರೋಲ್ಲ."

ನಾನು ಸುಮ್ಮನಿದ್ದೆ.
ಹೋದವರಿಗೇ ನನ್ನ ವೋಟು ಬಿದ್ದಿತ್ತು ಅಂತ
ಹೇಳುವ ಹೊತ್ತಲ್ಲ ಇದು.

ನನ್ನ ಮಷೀನು ನಿಂತಿತು. ಬಾಗಿಲು ಮಾತ್ರ
ಇನ್ನೆರಡು ನಿಮಿಷ ತೆರೆಯದು:
ಒಳಗೊಂದು ಬಿಳಿ ಅಂಗಿ
ಗಾಜಿಗೆ ತೋಳು ಒತ್ತಿಕೊಂಡು, ಒದ್ದೆಯಾಗಿ.