ಎಂಟು ಸಾವಿರ ಗಂಟೆ

ಕೊನೆಯ ಆಪರೇಷನ್ ಮುಗಿದು, ನೆಲ ಒರೆಸಿ,
ಟ್ರೇ ಬೋರಲು ಹಾಕಿ, ಹಸಿರು ಬಟ್ಟೆ ಗಂಟು ಕಟ್ಟಿ
ಹೊರಗೆ ಬಂದ ಮೇಲೆಯೇ ಈ ಸ್ವಿಚ್ಚು.
ಬಾಗಿಲಾಚೆ ಇಟ್ಟಿದ್ದಾರೆ ಇದನ್ನು,
ಹಚ್ಚಿದವಳು ಒಳಗಿರಬಾರದೆಂದು.

ಹಚ್ಚಿ ಬೆನ್ನು ತಿರುಗಿಸಬೇಕಾದ ದೀಪ
ದಾವಣಗೆರೆಯಲ್ಲಿ ಬೇರೆಲ್ಲೂ ನಾನು ಕಂಡಿಲ್ಲ.
ಕೈ ಮುಗಿಯುವಂತಿಲ್ಲ,
ಅದರ ಬೆಳಕಲ್ಲಿ ಸೂಜಿಗೆ ದಾರ ಪೋಣಿಸುವಂತಿಲ್ಲ.
ಬಾಗಿಲ ಗಾಜು ಅದರ ವಿಷ ತಡೆದು
ಬಣ್ಣ ಮಾತ್ರ ಬಿಡುತ್ತದೆ:
ಬಿಳಿ ಪಂಚೆಗೆ ಹಿಂಡುವ ನೀಲಿಯಷ್ಟು ನೀಲಿ.
ಒಳಗೆ ಏನು ಸಾಯುತ್ತದೋ
ಅದನ್ನೂ ಕಣ್ಣಲ್ಲಿ ಕಂಡವರಿಲ್ಲ.

ಪುಸ್ತಕದಲ್ಲಿ ಬರೆಯುತ್ತೇನೆ.
ಹಚ್ಚಿದ್ದು ಹತ್ತಕ್ಕೆ. ಆರಿಸಿದ್ದು ಆರಕ್ಕೆ.
ಮೇಲಿನ ಸಾಲಿಗೆ ಎಂಟು ಕೂಡಿಸಿ, ಸಹಿ: ಹಾಲಮ್ಮ.

ನನ್ನವ್ವ ಮಂಡಕ್ಕಿ ಭಟ್ಟಿಯಲ್ಲಿ
ಇಪ್ಪತ್ತು ವರ್ಷ ಉಸುಕು ಕಾಯಿಸಿದವಳು,
ಹೊಗೆಗೆ ಕಣ್ಣು ಕೊಟ್ಟವಳು.
'ಬೆಂಕಿ ಅಂದ್ರ ಸದ್ದು ಮಾಡಬೇಕವ್ವ,
ಅಕ್ಕಿ ಸಿಡೀಬೇಕು, ಮೈ ಬೆವರಬೇಕು.
ನಿಂದು ಎಂಥಾ ಬೆಂಕಿ, ಸುಡತೈತಿ ಅಂತಿ,
ಬಿಸಿನೇ ಇಲ್ಲ ಅಂತಿ!'

ಹೋದ ಶ್ರಾವಣದಲ್ಲಿ ಗೊತ್ತಾಯಿತು ಎಂಥದ್ದೆಂದು.
ಜಗಳೂರು ಕಡೆಯ ತಾಂಡಾದ ಶಾರಿಬಾಯಿ,
ಹೊಟ್ಟೆ ಕೊಯ್ದ ನೋವಿಗೆ ಅಳದವಳು
ಬಿಚ್ಚಿಸಿಟ್ಟ ಮೂಗುಬೊಟ್ಟು ಕಾಣೆಯಾಯಿತೆಂದು
ನಡುರಾತ್ರಿ ಬಿಕ್ಕುತ್ತಿದ್ದಳು.
ದೀಪ ಆರಿಸಿದರೆ ಪುಸ್ತಕದಲ್ಲಿ ಬರೆಯಬೇಕು,
ಬರೆದರೆ ಯಾಕೆಂದು ಸಿಸ್ಟರ್ ಜಬೀನಾ ಕೇಳಬೇಕು.
ಎರಡು ನಿಮಿಷಕ್ಕೆ ಏನಾದೀತು,
ಹೋದೆ.
ಎರಡು ಇಪ್ಪತ್ತಾಯಿತು.
ಬೆಳಕು ಬೀಳದ ಕಡೆ ಕ್ರಿಮಿಗಳು ಬದುಕುಳಿಯುತ್ತವಂತೆ;
ಮೇಜಿನ ಕಾಲಿನ ಆ ನೆರಳಲ್ಲೇ
ಗಾಜ್ ಬಟ್ಟೆಯೊಳಗೆ ಕಡಲೆಬೇಳೆಯಷ್ಟು ಬಂಗಾರ.

ಮೂರು ಗಂಟೆಗೆ ಶುರುವಾಯಿತು.
ಅವ್ವನ ಬಾಣಲೆಯ ಉಸುಕನ್ನೆಲ್ಲ
ಯಾರೋ ನನ್ನ ರೆಪ್ಪೆಯಡಿ ಸುರಿದ ಹಾಗೆ.
ಡಾಕ್ಟರು ಬೈದು ಡ್ರಾಪ್ಸ್ ಕೊಟ್ಟರು.
'ಎರಡು ದಿನ ಇರುತ್ತೆ, ಉಜ್ಜಬೇಡ.'
ಶಾರಿಬಾಯಿ ಬೈಯಲಿಲ್ಲ.
ಮೂಗುಬೊಟ್ಟು ತಿರುಪುತ್ತಲೇ ಕರೆದು
'ಹಿಂಗ ಬಾರಕ್ಕ, ತಲಿ ಇಲ್ಲಿ ಇಡು' ಎಂದು
ಕೂಸಿನ ಬಾಯಿ ಬಿಡಿಸಿ
ಒಂದೊಂದು ಕಣ್ಣಿಗೆ ಎರಡೆರಡು ಹನಿ ಹಿಂಡಿದಳು.
ಮುಚ್ಚಿಟ್ಟ ಹೊದಿಕೆ ಇಲ್ಲ, ಮೊಹರು ಇಲ್ಲ, ತಾರೀಖು ಇಲ್ಲ.
ಬೆಚ್ಚಗಿತ್ತು.
ಇದನ್ನು ಜಬೀನಾಗೂ ಹೇಳಿಲ್ಲ ಇವತ್ತಿನವರೆಗೆ.

ಈಗ ಯುಗಾದಿ ಕಳೆದು ಹತ್ತು ದಿನ.
ಲೆಕ್ಕ ಎಂಟು ಸಾವಿರ ಮುಟ್ಟಿತೆಂದು ಫೋನು ಮಾಡಿದೆವು,
ಹುಬ್ಬಳ್ಳಿಯಿಂದ ಪಾಲಾಕ್ಷ ಎಂಬ ಹುಡುಗ ಬಂದ.
ಕಪ್ಪು ಕನ್ನಡಕ ಹಾಕಿ ಒಳಗೆ ಮೀಟರು ಹಿಡಿದು
ಹೊರಗೆ ಬಂದು ತಲೆ ಕೆರೆದುಕೊಂಡ.
'ಇದರ ಕಸುವು ಹೋಗಿ ಬಾಳ ದಿನ ಆಗೇತ್ರಿ.'
ಉರೀತಿತ್ತಲ್ಲಪ್ಪ, ದಿನಾ ನೋಡ್ತಿದ್ದೆ, ನೀಲಿ ಇತ್ತಲ್ಲ?
'ನೀಲಿ ಇರತೈತ್ರಿ. ನೀಲಿ ಕೊಲ್ಲಂಗಿಲ್ಲ.
ಅದಕ್ಕ ಪುಸ್ತಕ ಇರೋದು.'

ಪುಸ್ತಕ ಹಿಂದಕ್ಕೆ ತಿರುವಿದೆ.
ಆಗಸ್ಟು. ನೀರು ಬಿದ್ದು ಹರಡಿದ ಶಾಯಿ.
ಏಳು ಸಾವಿರದ ಇಪ್ಪತ್ನಾಲ್ಕು, ಅದರ ಕೆಳಗೆ
ಸೊಟ್ಟ ಅಕ್ಷರದಲ್ಲಿ
ಆರು ಸಾವಿರದ ಮೂವತ್ತೆರಡು. ಸಹಿ: ಹಾಲಮ್ಮ.

ಒಂದು ಸಾವಿರ ಗಂಟೆ. ನೂರಿಪ್ಪತ್ತೈದು ರಾತ್ರಿ
ಬರೀ ಬಣ್ಣ ಹಚ್ಚಿ ಬೆನ್ನು ತಿರುಗಿಸಿದ್ದೆ.
ಹೆರಿಗೆ ರಿಜಿಸ್ಟರು ತೆಗೆದೆ. ಬೆರಳಿಟ್ಟು ಎಣಿಸಿದೆ.
ಆ ಮೇಜಿನ ಮೇಲೆ ತೊಂಬತ್ತಾರು ಕೂಸು.
ತೊಂಬತ್ತಾರು ತಾಯಂದಿರೂ
ಹೊಲಿಗೆ ಬಿಚ್ಚಿಸಿಕೊಂಡು ನಡೆದೇ ಮನೆಗೆ ಹೋಗಿದ್ದರು.
ಇನ್ನೊಮ್ಮೆ ಎಣಿಸಿದೆ.
ಕಾದದ್ದು ಸೋಪೋ, ಕುದಿಸಿದ ಕತ್ತರಿಯೋ,
ನಾನು ಮೊಣಕಾಲೂರಿ ಒರೆಸಿದ ನೆಲವೋ,
ಇಲ್ಲ, ಸುಮ್ಮನೆ ಅದೃಷ್ಟವೋ.
ಇದಕ್ಕೆ ಮೀಟರು ಪಾಲಾಕ್ಷನ ಹತ್ತಿರ ಇರಲಿಲ್ಲ.

ಕೆಂಪು ಪೆನ್ನು ತೆಗೆದುಕೊಂಡು
ಆರನ್ನು ಏಳು ಮಾಡಿದೆ. ಪಕ್ಕದಲ್ಲಿ ಬರೆದೆ:
ಕಣ್ಣು ಕಾಣುತ್ತಿರಲಿಲ್ಲ.
ಜಬೀನಾ ಓದಿದಳು. ಏನೂ ಅನ್ನದೆ
ತನ್ನ ಸಹಿಯನ್ನೂ ಹಾಕಿದಳು.

ರಾತ್ರಿ ಹತ್ತಕ್ಕೆ ಹೊಸ ಟ್ಯೂಬು ಹಚ್ಚಿ
ಈ ಸಲ ಗಾಜಿಗೆ ಮುಖ ಕೊಟ್ಟು ನಿಂತೆ.
ಅದೇ ನೀಲಿ.
ಎಷ್ಟು ನೋಡಿದರೂ ಹಳೆಯದರ ಹಾಗೇ.