ತಡಕ್ಕೆ ಕಾರಣ

ರಾತ್ರಿ ಒಂಬತ್ತೂಕಾಲಿಗೆ ಬಸ್ಸು ಇಲ್ಲಿಗೆ ಮುಗಿಯುತ್ತದೆ.
ಮುಂದೆ ರಸ್ತೆಯಿಲ್ಲ, ಗಂಗಾವಳಿ.
ಮಕ್ತುಂಸಾಬ ಹಿಂದಿನ ಉದ್ದ ಸೀಟಿಗೆ ಸೊಳ್ಳೆಪರದೆ ಕಟ್ಟಿ
ಗೊರಕೆಗೆ ಬೀಳುತ್ತಾನೆ. ನಾನು ಚಿಲ್ಲರೆ ಎಣಿಸಿ
ಚೀಲಕ್ಕೆ ಗಂಟು ಹಾಕಿ
ಸೀಟಿನಡಿಯ ಡಬ್ಬಿ ತೆಗೆಯುತ್ತೇನೆ:
ಅರವತ್ತು ಮಾರು ತಂಗೂಸು, ಸೀಸದ ಗುಂಡು, ಎರಡು ಗಾಳ.
ಒಂದಕ್ಕೆ ಮೊನೆಯಿಲ್ಲ, ಆದರೂ ಇದೆ.

ಕಲಘಟಗಿಯವನು ನಾನು. ನಮ್ಮ ಹೊಲದ ಬದುವಿನಾಚೆ
ಇದೇ ನೀರು, ಹೆಸರು ಮಾತ್ರ ಬೇಡ್ತಿ.
ಎಮ್ಮೆ ತೊಳೆದ ನೀರು ಪಡುವಣಕ್ಕೆ ಹೋಯಿತೆಂದರೆ ಹೋಯಿತು,
ಮರಳಿ ಬಂದದ್ದನ್ನು ನಮ್ಮಜ್ಜನೂ ಕಂಡಿಲ್ಲ.
ಇಲ್ಲಿ ದಿನಕ್ಕೆರಡು ಸಲ
ಹೊಳೆ ನಿಂತು, ಏನೋ ಮರೆತವರಂತೆ ತಿರುಗಿ
ನಮ್ಮೂರ ದಿಕ್ಕಿಗೆ ನಡೆಯುತ್ತದೆ.
ಮೊದಲ ರಾತ್ರಿ ಅದನ್ನು ಕಂಡು ಮಕ್ತುಂಸಾಬನನ್ನು ಎಬ್ಬಿಸಿದ್ದೆ.
"ಮಕ್ಕೋ ಮಾರಾಯ, ಅದರ ಟ್ರಿಪ್ಪೇ ಹಂಗೈತಿ" ಅಂದ.

ಕಲಿಸಿದ್ದು ಸಣ್ಣಮ್ಮ ಹರಿಕಂತ್ರ. ಪಾಠ ಕಡಿಮೆ, ಬೈಗುಳ ಹೆಚ್ಚು.
ಗುಂಡು ತಲೆಯ ಮೇಲೆ ಮೂರು ಸುತ್ತು, ನಾಲ್ಕನೆಯದು ಕಿವಿಗೆ.
ಜೀವದ ಶೆಟ್ಲಿ ಬಾಲಕ್ಕೆ ಚುಚ್ಚಬೇಕು, ಸಾಯಬಾರದು.
ದಾರ ಬೆರಳಿಗೆ ಸುತ್ತಬಾರದು, ಬೆರಳ ಮೇಲೆ ಮಲಗಿಸಬೇಕು.
"ರಾವಸ ಕಚ್ಚೂದಿಲ್ಲ ತಮಾ, ಕದೀತದೆ.
ನೀರು ತಿರುಗೂ ಹೊತ್ತಿಗೆ ಶೆವಟೆ ಬೆನ್ನು ಹತ್ತಿ ಒಳಗೆ ಬರ್ತದೆ.
ಆಗ ನಿದ್ದೆ ಮಾಡಿದ್ಯೋ, ಏಡಿ ತಿಂದು ಹೋಗ್ತದೆ
ಶೆಟ್ಲಿನೂ, ನಿನ್ನ ಮರ್ಯಾದೆನೂ."

ತೊಂದರೆ ಇರುವುದು ವೇಳಾಪಟ್ಟಿಯಲ್ಲಿ.
ನನ್ನ ಬಸ್ಸು ದಿನವೂ ಐದು ನಲವತ್ತಕ್ಕೆ.
ಉಬ್ಬರ ದಿನವೂ ಐವತ್ತು ನಿಮಿಷ ತಡ,
ಅದಕ್ಕೆ ಮೆಮೊ ಕೊಡುವ ಡಿಪೊ ಇಲ್ಲ.
ಹನ್ನೊಂದು ತಿಂಗಳಲ್ಲಿ ಸಿಕ್ಕಿದ್ದು
ಕಾಗಳಸಿ, ನೋಗಲಿ, ಎಡಗಾಲಿನ ಒಂದು ಚಪ್ಪಲಿ,
ಮುಳ್ಳು ಚುಚ್ಚಿ ಮೂರು ದಿನ ಜ್ವರ ಬರಿಸಿದ ಶೇಡೆ.

ನಿನ್ನೆ ಅಮಾವಾಸ್ಯೆ. ಇವತ್ತು ಐದೂಕಾಲಿಗೆ ನೀರು ನಿಂತಿತು.
ತೇಲುವ ತೆಂಗಿನ ಸಿಪ್ಪೆಗೆ ಎತ್ತ ಹೋಗಲೆಂದು ತಿಳಿಯಲಿಲ್ಲ.
ಬಳಚು ಹೆಕ್ಕುವವರ ಬ್ಯಾಟರಿಗಳು
ಆಚೆ ದಿಬ್ಬದಿಂದ ಒಂದೊಂದೇ ಎದ್ದವು.
ಸಿಪ್ಪೆ ಮೂಡಣಕ್ಕೆ ತಿರುಗಿತು.
ಆಗ ಬೆರಳ ಮೇಲಿನ ದಾರವನ್ನು
ಹಿಂದಿನಿಂದ ಯಾರೋ ತಟ್ಟಿ ಚಿಲ್ಲರೆ ಕೇಳಿದ ಹಾಗೆ,
ಒಮ್ಮೆ, ಮೆಲ್ಲಗೆ.

ಆಮೇಲಿನದು ಮೆಲ್ಲಗಿರಲಿಲ್ಲ.

ಮೂವತ್ತು ಮಾರು ಹೋದದ್ದು ಗೊತ್ತು, ಉಸಿರಾಡಿದ್ದು ಗೊತ್ತಿಲ್ಲ.
ಮಕ್ತುಂಸಾಬ ಹಾರ್ನ್ ಹೊಡೆದ. ಮತ್ತೆ ಹೊಡೆದ.
ಕೂತಿದ್ದ ಬುಟ್ಟಿಯವರೆಲ್ಲ ಇಳಿದು ಬಂದರು.
"ಬಿಡು!" "ಹಿಡಿ!" "ಬಿಟ್ಟು ಹಿಡಿಯೋ!"
ಕೋರ್ಟಿಗೆ ಹೊರಟಿದ್ದ ತಿಮ್ಮಪ್ಪ ಗಾಂವಕರ್ ಫೈಲು ಯಾರದೋ ಕೈಗಿತ್ತು
ಪ್ಯಾಂಟು ಮಡಚಿ ಮೊಣಕಾಲು ನೀರಿಗಿಳಿದು
ನನಗಿಂತ ಜೋರಾಗಿ ನಡುಗುತ್ತಿದ್ದ.
ಒಮ್ಮೆ ಮಗುಚಿತು ಅದು: ಬೆಳ್ಳಿ ಪಕ್ಕೆ,
ಗಲ್ಲದಡಿ ಜೋಲುವ ಹಳದಿ ಎಳೆಗಳು,
ಯಾರ ಕಡೆಗೂ ಅಲ್ಲದ ಒಂದು ಕಣ್ಣು.
ಇನ್ನು ಎರಡು ಮಾರು ಇತ್ತು.
ಕಲ್ವಾ ಹತ್ತಿದ ಬಂಡೆಗೆ ದಾರ ಉಜ್ಜಿದ್ದು
ನನಗಿಂತ ಮೊದಲು ಸಣ್ಣಮ್ಮನಿಗೆ ಕೇಳಿಸಿತು.

ಯಾರೂ ಏನೂ ಅನ್ನಲಿಲ್ಲ. ಬಸ್ಸು ಹತ್ತಿದರು.
ಮೊದಲ ಸ್ಟಾಪಿಗೆ ಅದು ಎಂಟು ಕಿಲೋ,
ಶಾಲೆಯ ತಿರುವಿಗೆ ಹನ್ನೊಂದು,
ಅಂಕೋಲೆಯಲ್ಲಿ ಬುಟ್ಟಿ ಇಳಿಸುವಾಗ
ಹದಿನೈದಕ್ಕೆ ಬಂದು ನಿಂತಿತು.

ಹನ್ನೆರಡು ನಿಮಿಷ ತಡ, ಕಾರಣ ಬರೆಯಬೇಕು.
"ಪಂಕ್ಚರ್ ಅಂತ ಗೀಚು" ಅಂದ ಮಕ್ತುಂಸಾಬ.
ಗೀಚಿದೆ. ಕೊಯ್ದ ಹೆಬ್ಬೆರಳು ಲಾಗ್‌ಶೀಟಿನ ಮೇಲೆ
ಕೆಂಪಗೆ ಇನ್ನೊಂದು ಸಹಿ ಹಾಕಿತು.
ಟಿಕೆಟ್ ಮೆಷಿನ್ನಿನ ಗುಂಡಿ ಒತ್ತಿದಾಗಲೆಲ್ಲ ಉರಿ.
ನನ್ನ ಗಾಳ ಕಚ್ಚಿಕೊಂಡು ಅದು ಈಗ
ಉಪ್ಪು ಎಲ್ಲಿವರೆಗೋ ಅಲ್ಲಿವರೆಗೆ, ನಮ್ಮೂರ ಕಡೆಗೆ.

ಡಬ್ಬಿಯಲ್ಲಿ ಮೊನೆಯಿಲ್ಲದ್ದೊಂದು ಉಳಿದಿದೆ.
ನಾಳೆ ನೀರು ತಿರುಗುವುದು ಆರು ಗಂಟೆ ಐದಕ್ಕೆ.
ಆಗ ನಾನು ಶಾಲೆಯ ತಿರುವು ದಾಟಿ
ಯಾರದೋ ಪಾಸು ನೋಡುತ್ತಿರುತ್ತೇನೆ.